ಸೂಜಿಯ ಮಣೆ

ನಮ್ಮತ್ತೆಯ ಮನೆಯ ಜಗಲಿಯಲ್ಲಿ ಒಂದು ಹಲಸಿನ ಮಣೆಯಿತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ, ಕಾಲು ನೋಯುತ್ತಿದೆಯೆಂದು ಅದನ್ನೆಳೆದುಕೊಂಡು ಕೂರಲು ಹೋದರೆ, ನಾದಿನಿ ಇಂದ್ರಾಣಿ ಓಡಿಬಂದು ತೋಳು ಹಿಡಿದಳು.

"ಅಯ್ಯೋ ಅತ್ತಿಗೆ, ಅದು ಕೂರೋ ಮಣೆ ಅಲ್ಲ. ಸೂಜಿದು!"

ಸೂಜಿಗೂ ಮಣೆ ಹಾಕಿ ಕೂರಿಸುವ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. ನಮ್ಮ ತವರಿನಲ್ಲಿ ಸೂಜಿಯೆಂದರೆ ರವಿಕೆಯ ಗುಂಡಿ ಕಿತ್ತುಹೋದ ದಿನ ಮನೆಯೆಲ್ಲ ಹುಡುಕುವ ಸಾಮಾನು, ಅಷ್ಟೇ. ಇಲ್ಲಿ ಅದಕ್ಕೊಂದು ಮರ್ಯಾದೆಯಿತ್ತು. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳವಾಗುತ್ತದೆ ಎಂದು ನಮ್ಮತ್ತೆ ನಂಬಿದ್ದರು. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನೆಲದ ಮೇಲಿಟ್ಟರೆ ಯಾರದಾದರೂ ಕಾಲಿಗೆ ಚುಚ್ಚೀತೆಂದು ಈ ಮಣೆ.

ನಮ್ಮತ್ತೆಯ ಹೆಸರು ಚೆನ್ನಾಜಮ್ಮ. ಮಣೆಯ ಆಚೆ ಬದಿಯಲ್ಲಿ ಕೂರುತ್ತಿದ್ದವರು ಎದುರುಮನೆಯ ದೇವೀರಮ್ಮ. ಇಂದ್ರಾಣಿ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆದೆ. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರಂತೆ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ ದೊಡ್ಡಮ್ಮ ಬೀದಿ ದಾಟಿ ಬರುತ್ತಿದ್ದರು, ಸೆರಗಿನಡಿಯಲ್ಲಿ ಬಿಳಿ, ಕೆಂಪು, ಹಸಿರು, ನೀಲಿ ಮಣಿಯ ಬಟ್ಟಲುಗಳನ್ನು ಹಿಡಿದುಕೊಂಡು. ಬಟ್ಟೆಯ ಕೆಲಸ ನಮ್ಮತ್ತೆಯದು, ಮಣಿಯದು ದೊಡ್ಡಮ್ಮನದು. ಹಳೆಯ ಸೀರೆಯ ಅಂಚು, ದರ್ಜಿಯ ಅಂಗಡಿಯಲ್ಲಿ ಉಳಿದ ಚೂರು, ಮಾಸಿದ ಜರಿ ಇವೆಲ್ಲ ನಮ್ಮತ್ತೆಯ ಕೈಗೆ ಸಿಕ್ಕರೆ ಹೂವಾಗುತ್ತಿದ್ದವು, ಎಲೆಯಡಿಕೆ ಸಂಚಿಯಾಗುತ್ತಿದ್ದವು, ಕೂಸಿನ ಕುಲಾವಿಯಾಗುತ್ತಿದ್ದವು. ಅದಕ್ಕೆ ದೊಡ್ಡಮ್ಮ ಪೋಣಿಸಿದ ಮಣಿಯ ಅಂಚು ಕೂಡಿದರೆ ನೋಡಿದವರು ಕೈಗೆತ್ತಿಕೊಳ್ಳದೆ ಇರುತ್ತಿರಲಿಲ್ಲ. ಮಾರುತ್ತೀರಾ ಎಂದು ಯಾರಾದರೂ ಕೇಳಿದರೆ ಮಾತ್ರ ಇಬ್ಬರಿಗೂ ಒಟ್ಟಿಗೇ ಸಿಟ್ಟು ಬರುತ್ತಿತ್ತು.

ಕೆಲಸದ ನಡುವೆ ಇಬ್ಬರೂ ಕಾಲೆಳೆದುಕೊಳ್ಳುವುದನ್ನು ಕೇಳುವುದೇ ನನಗೆ ಆ ಮನೆಯಲ್ಲಿ ಸಿಕ್ಕ ಮೊದಲ ಸುಖ. ದೊಡ್ಡಮ್ಮ ಮಣಿಸರದ ಕೊನೆಗೆ ಗಂಟು ಹಾಕುತ್ತಿರಲಿಲ್ಲ. ದಾರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ, ಕೊನೆಯ ಕೆಲವು ಮಣಿಗಳೊಳಗೆ ತೂರಿಸಿ ಎಳೆದುಬಿಡುತ್ತಿದ್ದರು. ತುದಿ ಎಲ್ಲಿ ಮುಗಿಯಿತೆಂದು ಗೊತ್ತೇ ಆಗುತ್ತಿರಲಿಲ್ಲ.

"ಗಂಟು ಹಾಕಿದ್ರೆ ಮಣಿಗೆ ಉಸಿರು ಕಟ್ಟುತ್ತೆ ಕಣೆ ಚೆನ್ನಿ," ಎನ್ನುತ್ತಿದ್ದರು.

"ಗಂಟಿಲ್ಲದ ದಾರ ಲಾಡಿ ಇಲ್ಲದ ಲಂಗ ಇದ್ದಂಗೆ. ಯಾವಾಗ ಮಾನ ಕಳೆಯುತ್ತೋ!" ಎಂದು ನಮ್ಮತ್ತೆ ತಮ್ಮ ಹೊಲಿಗೆಯ ಕೊನೆಗೆ ಗಟ್ಟಿಯಾಗಿ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿಯುತ್ತಿದ್ದರು.

ನಾನು ಆ ಮನೆಗೆ ಬಂದ ವರ್ಷವೇ ಇಂದ್ರಾಣಿಯ ಮದುವೆ ಗೊತ್ತಾಯಿತು. ಅವಳಿಗೆ ಚಿಕ್ಕಂದಿನಿಂದಲೂ ಮೊಣಕಾಲು ಮುಟ್ಟುವ ಕೂದಲು. ಅವಳು ಲಂಗ ಉಟ್ಟು ಓಡಾಡುವಾಗಲೇ ದೊಡ್ಡಮ್ಮ ಮಾತು ಕೊಟ್ಟಿದ್ದರಂತೆ: "ನಿನ್ನ ಮದುವೆಗೆ ಮಣಿಯಲ್ಲೇ ಮೊಗ್ಗಿನ ಜಡೆ ಮಾಡಿಕೊಡ್ತೀನಿ. ಹಸೆಮಣೆಯಿಂದ ಎದ್ದ ಮೇಲೂ ಬಾಡಬಾರದು, ಅಂಥದ್ದು." ಬಿಳಿ ಮಣಿಯ ಮಲ್ಲಿಗೆ ಮೊಗ್ಗು, ಕೆಂಪು ಮಣಿಯ ಅಂಚು, ನಡುನಡುವೆ ಕಡುಹಸಿರು ಮಣಿಯ ಎಲೆ. ದೊಡ್ಡಮ್ಮ ಪೋಣಿಸಿದ್ದನ್ನು ನಮ್ಮತ್ತೆ ಗಟ್ಟಿ ಬಟ್ಟೆಯ ಮೇಲೆ ಕೂರಿಸಿ ಹೊಲಿಯಬೇಕು. ಜಡೆಯ ಕೆಲಸ ಆಗಲೇ ನೆತ್ತಿಯಿಂದ ಬೆನ್ನಿನ ನಡುವಿನವರೆಗೆ ಇಳಿದಿತ್ತು. ಬೀದಿಯ ಹೆಂಗಸರು ಯಾವುದೋ ನೆಪ ಹೇಳಿಕೊಂಡು ಬಂದು ನೋಡಿಹೋಗುತ್ತಿದ್ದರು.

ಆ ದಿನಗಳಲ್ಲಿ ನಾನೊಂದು ವಿಷಯ ಗಮನಿಸಿದ್ದೆ. ನಮ್ಮತ್ತೆ ಸೂಜಿಗೆ ದಾರ ಹಾಕಿ ಮಣೆಯ ಮೇಲಿಟ್ಟರೆ ದೊಡ್ಡಮ್ಮ ತಕ್ಷಣ ಎತ್ತಿಕೊಳ್ಳುತ್ತಿರಲಿಲ್ಲ. ಅಂಗೈಯಿಂದ ಮಣೆಯನ್ನು ಒಮ್ಮೆ ಆ ಕಡೆಯಿಂದ ಈ ಕಡೆಗೆ ಸವರುತ್ತಿದ್ದರು. ಆಮೇಲೆ ಎರಡು ಬೆರಳಿನಲ್ಲಿ ಸೂಜಿ ಹಿಡಿಯುತ್ತಿದ್ದರು. ಸೂಜಿಗೆ ಮಣೆ ಹಾಕುವವರು ಮಣೆಗೆ ನಮಸ್ಕಾರ ಮಾಡಿದರೆ ಆಶ್ಚರ್ಯವೇನು ಎಂದುಕೊಂಡು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಹಾಗೆ ಸವರುತ್ತಲೇ ಇದ್ದರು. ಸೂಜಿ ಮಣೆಯ ಅಂಚಿನಲ್ಲಿತ್ತು, ಅವರ ಕೈ ಅದರ ಪಕ್ಕದಲ್ಲೇ ಹೋಗಿ ಹೋಗಿ ಬರುತ್ತಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಸೂಜಿ ಎತ್ತಿ ಸೀದಾ ಅವರ ಬೆರಳುಗಳ ನಡುವೆ ಇಟ್ಟುಬಿಟ್ಟೆ. ದೊಡ್ಡಮ್ಮ ಬೆಚ್ಚಿ ನನ್ನ ಕಡೆ ಮುಖ ತಿರುಗಿಸಿದರು. ನಮ್ಮತ್ತೆ, "ಏನೇ ಹುಡುಗಿ! ಕೈಗೆ ಕೊಡ್ತಾರೇನೇ?" ಎಂದು ಗದರಿದರು.

ದೊಡ್ಡಮ್ಮ ಸೂಜಿಯನ್ನು ಮಣಿಯ ಬಟ್ಟಲಿಗೆ ಇಳಿಸಿದರು. ಒಂದು ಸರ ಪೋಣಿಸಿ ಮುಗಿಸಿದರು. ಆಮೇಲೆ, "ಎಲ್ಲಿ, ಜಡೆ ಕೊಡು. ಎಷ್ಟಾಗಿದೆ ನೋಡೋಣ," ಎಂದು ಕೈ ಚಾಚಿದರು. ನಮ್ಮತ್ತೆ ಕೊಡಲು ಯಾಕೋ ಹಿಂದೆಮುಂದೆ ನೋಡಿದಂತೆ ಕಂಡಿತು. ದೊಡ್ಡಮ್ಮ ಅದನ್ನು ಮಡಿಲಲ್ಲಿ ಹರವಿಕೊಂಡು ತೋರುಬೆರಳನ್ನು ನೆತ್ತಿಯ ಭಾಗದಿಂದ ಕೆಳಕ್ಕೆ ಜಾರಿಸುತ್ತ ಬಂದರು. ಒಂದು ಎಲೆಯ ಹತ್ತಿರ ಬೆರಳು ನಿಂತಿತು. ಅಲ್ಲಿಯೇ ಉಗುರಿನಿಂದ ಏನನ್ನೋ ಉರುಳಿಸಿ ನೋಡಿದರು. ಮತ್ತೆ ಸ್ವಲ್ಪ ಕೆಳಗೆ ಹೋಗಿ ನಿಂತರು. ಜಡೆಯನ್ನು ಮಡಿಲಿನಿಂದ ತೆಗೆದು ಮಣೆಯ ಮೇಲಿಟ್ಟು, ಬಟ್ಟಲುಗಳನ್ನೆಲ್ಲ ಸೆರಗಿನಲ್ಲಿ ಸೇರಿಸಿಕೊಂಡು ಎದ್ದರು.

"ದೇವೀರಿ," ಎಂದರು ನಮ್ಮತ್ತೆ.

ದೊಡ್ಡಮ್ಮ ತಿರುಗಿ ನೋಡದೆ ಬೀದಿ ದಾಟಿ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಧ್ಯಾಹ್ನವೆಲ್ಲ ತೆರೆದಿರುತ್ತಿದ್ದ ಅವರ ಮನೆಯ ಬಾಗಿಲು ಮುಚ್ಚಿಯೇ ಇರತೊಡಗಿತು.

ತಪ್ಪು ನನ್ನ ತಲೆಗೆ ಬಂತು. ಯಾಕೆ ಜಗಳವಾಯಿತೆಂದು ನಮ್ಮ ಯಜಮಾನರು ಕೇಳಿದಾಗ ನಮ್ಮತ್ತೆ ಒಲೆಯ ಕಡೆ ನೋಡುತ್ತ, "ನಿನ್ನ ಹೆಂಡ್ತಿ ಸೂಜೀನ ಕೈಗೆ ಕೊಟ್ಟಳು. ಅದಕ್ಕೇ ಇರಬೇಕು," ಎಂದರು. ಮಾತು ಒಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಗೆ ಹೋಯಿತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತರೆ ಒಬ್ಬರಲ್ಲ ಒಬ್ಬರು, "ನೀನೇ ಏನಮ್ಮ ಸೂಜಿ ಕೊಟ್ಟೋಳು?" ಎಂದು ಕೇಳುವವರೇ. ಇಡೀ ಆಯುಷ್ಯ ಜೊತೆಗಿದ್ದ ಗೆಳತಿಯರನ್ನು ಬಂದ ವರ್ಷವೇ ಅಗಲಿಸಿದ ಸೊಸೆ ಎಂಬ ಹೆಸರು ಹೊತ್ತು ನಾನು ನೀರು ಹೊತ್ತೆ. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಒಂದು ಸೂಜಿಗೆ ಇಷ್ಟು ಶಕ್ತಿಯಿದ್ದರೆ ನನ್ನ ಮಾವನ ಗೊರಕೆ ನಿಲ್ಲಿಸಲಿ ನೋಡೋಣ ಎಂದು ಒಮ್ಮೆ ಇಂದ್ರಾಣಿಯ ಹತ್ತಿರ ಸಿಡುಕಿದೆ. ಅವಳು ನಗಲಿಲ್ಲ.

ಮದುವೆ ಹತ್ತಿರ ಬರುತ್ತಿತ್ತು. ನಮ್ಮತ್ತೆ ಒಬ್ಬರೇ ಜಗಲಿಯಲ್ಲಿ ಕೂತು ಮಣಿ ಪೋಣಿಸಲು ನೋಡಿದರು. ಅವರು ಕಟ್ಟಿದ ಮೊಗ್ಗು ಗಂಟಿನ ಮೇಲೆ ಗಂಟಾಗಿ ಹುರುಳಿಕಾಳಿನ ಹಾಗೆ ಕಂಡಿತು. ಬಿಚ್ಚಿದರು, ಮತ್ತೆ ಕಟ್ಟಿದರು. ಇಂದ್ರಾಣಿ ಹೊಸಿಲ ಮೇಲೆ ನಿಂತು ನೋಡುತ್ತಿದ್ದವಳು ಹೇಳಿಬಿಟ್ಟಳು:

"ಬಿಡಮ್ಮ. ದೊಡ್ಡಮ್ಮ ಮಾಡದ ಜಡೆ ನನಗೆ ಬೇಡ. ಬರೀ ಹೂ ಮುಡ್ಕೊಂಡು ಕೂತ್ಕೋತೀನಿ. ಅವರು ಮದುವೆಗಾದ್ರೂ ಬರ್ತಾರಾ ಇಲ್ವಾ ಅಷ್ಟು ಹೇಳು."

ನಮ್ಮತ್ತೆ ಆ ಮೊಗ್ಗನ್ನು ಮತ್ತೆ ಬಿಚ್ಚತೊಡಗಿದರು. ಅವರ ಮುಖ ನೋಡಲಾಗದೆ ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದೆ.

ಬಾಗಿಲು ತಳ್ಳಿದರೆ ತೆರೆಯಿತು. ಮಗ ಸೊಸೆ ಹೊರಗೆ ಹೋಗಿದ್ದರು. ದೊಡ್ಡಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಮಡಿಲಲ್ಲಿ ಕೈಗಳು ಬರಿದಾಗಿದ್ದವು, ಆದರೆ ಹೆಬ್ಬೆರಳು ತೋರುಬೆರಳಿನ ಮೇಲೆ ಮಣಿ ಉರುಳಿಸುವ ಹಾಗೆ ತಾನೇ ತಾನಾಗಿ ಆಡುತ್ತಿತ್ತು.

"ಯಾರು?" ಎಂದರು. ನಾನು ಎದುರಿಗೇ ನಿಂತಿದ್ದೆ.

"ನಾನು ದೊಡ್ಡಮ್ಮ, ಎದುರುಮನೆ ಸೊಸೆ. ತಪ್ಪಾಯ್ತು. ಸೂಜಿ ಕೈಗೆ ಕೊಡಬಾರದು ಅಂತ ಗೊತ್ತಿದ್ದೂ ಕೊಟ್ಟೆ. ನನ್ನ ಮೇಲಿನ ಸಿಟ್ಟನ್ನ ಅತ್ತೆ ಮೇಲೆ ತೀರಿಸ್ಕೋಬೇಡಿ."

ಅವರು ನಕ್ಕರು. "ಸೂಜಿಯಿಂದ ಜಗಳ ಆಯ್ತು ಅಂತ ಯಾರೇ ಹೇಳಿದ್ದು ನಿಂಗೆ?"

"ಅತ್ತೇನೇ. ಬೀದಿಗೆಲ್ಲ ಹಾಗೇ ಹೇಳಿದ್ದಾರೆ."

ದೊಡ್ಡಮ್ಮನ ನಗು ನಿಂತಿತು. ಬೆರಳೂ ನಿಂತಿತು. "ಹಾಗಾದ್ರೆ ಅವಳು ಇನ್ನೂ ಯಾರಿಗೂ ಹೇಳಿಲ್ಲ," ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಪಕ್ಕದ ಜಾಗವನ್ನು ತಟ್ಟಿ ನನ್ನನ್ನು ಕೂರಿಸಿಕೊಂಡರು.

"ನನಗೆ ಕಣ್ಣು ಕಾಣ್ತಾ ಇಲ್ಲ ಕಣೆ. ಪೂರ್ತಿ ಅಲ್ಲ. ಬೆಳಕು ಗೊತ್ತಾಗುತ್ತೆ, ಆಳು ಗೊತ್ತಾಗುತ್ತೆ. ಸೂಜಿ ಗೊತ್ತಾಗಲ್ಲ. ಹಸಿರು ಯಾವುದು, ನೀಲಿ ಯಾವುದು ಗೊತ್ತಾಗಲ್ಲ. ತಂಗಿ ಊರಿಗೆ ಹೋದಾಗ ಡಾಕ್ಟರಿಗೆ ತೋರಿಸಿದ್ದೆ. ಪೊರೆ ಆಗಿದ್ರೆ ತೆಗೀಬಹುದಿತ್ತು, ಇದು ಪೊರೆ ಅಲ್ಲ ಅಂದ್ರು. ಮಗನಿಗೆ ಹೇಳಿಲ್ಲ. ಅವನು ಒಳ್ಳೆಯವನೇ. ಆದ್ರೆ ಗೊತ್ತಾದ ದಿನವೇ ಒಲೆ ಹತ್ರ ಹೋಗಬೇಡ, ಬೀದಿ ದಾಟಬೇಡ, ಸೂಜಿ ಮುಟ್ಟಬೇಡ ಅಂತ ಮೂಲೇಲಿ ಕೂರಿಸ್ತಾನೆ. ಮಣಿ ಕಿತ್ಕೊಂಡ್ರೆ ಈ ಕೈ ಇಟ್ಕೊಂಡು ನಾನೇನು ಮಾಡ್ಲಿ, ಹೇಳು?"

ನನಗೆ ಮಣೆಯ ಮೇಲೆ ಸವರುತ್ತಿದ್ದ ಆ ಅಂಗೈ ನೆನಪಾಯಿತು. ಅದನ್ನು ನಮಸ್ಕಾರ ಎಂದುಕೊಂಡಿದ್ದೆನಲ್ಲ.

"ಅವತ್ತು ನೀನು ಸೂಜಿ ಕೈಗೆ ಕೊಟ್ಟಾಗ ಎಷ್ಟು ಹಗುರ ಆಯ್ತು ಗೊತ್ತಾ? ಅದು ಸಿಗದೆ ನನ್ನ ಜೀವ ಹೋಗ್ತಿತ್ತು," ಎಂದರು. "ಸಿಟ್ಟು ಬಂದಿದ್ದು ಅದಕ್ಕಲ್ಲ. ಜಡೇಲಿ ಗಂಟು ಸಿಕ್ತು. ನಾನು ಯಾವತ್ತಾದ್ರೂ ಗಂಟು ಹಾಕಿದ್ದೀನಾ? ನಾನು ಪೋಣಿಸಿದ್ದನ್ನ ಚೆನ್ನಿ ಬಿಚ್ಚಿ, ತಾನು ಬೇರೆ ಪೋಣಿಸಿ, ನನ್ನ ಕೈ ಕೆಲಸ ಅಂತ ಊರಿಗೆ ತೋರಿಸ್ತಿದ್ದಾಳೆ. ಎದುರಿಗೆ ಕೂತ್ಕೊಂಡು ಬಾಯ್ತುಂಬ ಮಾತಾಡ್ತಾಳೆ, ನಾನು ಆ ಕಡೆ ಹೋದ ಮೇಲೆ ನನ್ನ ಕೆಲಸ ಕೀಳ್ತಾಳೆ. ತಪ್ಪಾಗಿದೆ ಕಣೆ ದೇವೀರಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅವಳಿಗೆ?"

ಅವರ ಕೈಯನ್ನೊಮ್ಮೆ ಹಿಡಿದು ಒತ್ತಿ ಎದ್ದುಬಂದೆ.

ನಮ್ಮತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಮೊರದೊಳಗೆ ಅವರ ಕೈ ನಿಧಾನವಾಯಿತು.

"ಜಗಳಾನ ನಾನೇ ನಿನ್ನ ತಲೆಗೆ ಕಟ್ಟಿದೆ. ತಪ್ಪೇ. ಆದ್ರೆ ಯಾಕೆ ಜಗಳ ಅಂತ ನಿಜ ಹೇಳಿದ್ರೆ ಬೀದಿಗೆಲ್ಲ ಅವಳ ಕಣ್ಣಿನ ಸುದ್ದಿ ಆಗ್ತಿತ್ತು. ಅವಳ ಮಗನ ಕಿವಿಗೆ ಬೀಳ್ತಿತ್ತು. ಅವಳು ಮುಚ್ಚಿಟ್ಟಿದ್ದನ್ನ ನಾನು ಹೇಗೆ ಬಿಚ್ಚಲಿ?"

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಎಲೆ ನೀಲಿ ಆದಾಗ. ಮೊದಲನೇ ಸಲ ಬೆಳಕು ಸಾಲದು ಅಂದ್ಕೊಂಡೆ. ಆಮೇಲೆ ದಿನಾ ಆಯ್ತು." ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದರು. "ಅವಳು ನೀಲಿ ಎಲೆ ಹಿಡ್ಕೊಂಡು, ಹಸಿರು ಚೆನ್ನಾಗಿ ಕೂತಿದೆ ನೋಡು ಚೆನ್ನಿ, ಅಂತ ತೋರಿಸ್ತಿದ್ಲು. ನಾನು ಹೂಂ, ಚೆನ್ನಾಗಿದೆ ಅಂತಿದ್ದೆ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಅವರಿಗೆ ಅದೇ ನೋವು. ಹೇಳಬಹುದಿತ್ತು ನೀವು."

ಅತ್ತೆಗೆ ಸೊಸೆ ಆಡುವ ಮಾತಲ್ಲ ಅದು. ನಮ್ಮತ್ತೆ ಮೊರವನ್ನು ಪಕ್ಕಕ್ಕಿಟ್ಟು ಎದ್ದರು. ಪೆಟ್ಟಿಗೆಯಿಂದ ಜಡೆ ತೆಗೆದರು, ಗೂಟದಲ್ಲಿ ನೇತುಹಾಕಿದ್ದ ಕತ್ತರಿ ತೆಗೆದುಕೊಂಡರು, "ಬಾ," ಎಂದು ಹೊರಟರು. ಸೆರಗು ಸರಿಮಾಡಿಕೊಳ್ಳದೆ ಅವರು ಬೀದಿಗಿಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡಮ್ಮನ ಮಡಿಲಿಗೆ ಜಡೆ ಹಾಕಿ, ಪಕ್ಕದಲ್ಲಿ ಕತ್ತರಿ ಇಟ್ಟರು.

"ನನ್ನ ಗಂಟು ಎಲ್ಲೆಲ್ಲಿದೆ ಅಂತ ನಿಂಗೇ ಗೊತ್ತಾಗುತ್ತೆ. ಕತ್ತರಿಸಾಕು ದೇವೀರಿ."

ದೊಡ್ಡಮ್ಮ ಮುಖ ಎತ್ತಲಿಲ್ಲ. ಅವರ ಬೆರಳು ಜಡೆಯ ಮೇಲೆ ಹೊರಟಿತು. ಒಂದು ಕಡೆ ನಿಂತಿತು. "ಇದು ನಿಂದು," ಎಂದರು. ಕತ್ತರಿ ಆಡಿತು, ಹಸಿರು ಮಣಿಗಳು ಮಡಿಲಿಗೆ ಉದುರಿದವು. "ಇದೂ ನಿಂದೇ." ಮತ್ತೆ ಉದುರಿದವು. ನಮ್ಮತ್ತೆ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಜಡೆಯ ಮೇಲೆ ಎಲೆಗಳ ಜಾಗ ಒಂದೊಂದಾಗಿ ಖಾಲಿಯಾಗುತ್ತ ಬಂತು. ನಡುಬೆನ್ನಿನ ಭಾಗಕ್ಕೆ ಬಂದಾಗ ದೊಡ್ಡಮ್ಮ ಕತ್ತರಿ ಕೆಳಗಿಟ್ಟರು.

"ಇಷ್ಟೊಂದಾ ಚೆನ್ನಿ? ಇಷ್ಟೊಂದು ತಪ್ಪು ಮಾಡಿದ್ದೆನಾ ನಾನು?"

ನಮ್ಮತ್ತೆ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಹಾಗೆನ್ನುವುದೇ ಅವರಿಗೆ ಅಭ್ಯಾಸ.

"ಹೂಂ ಕಣೆ," ಎಂದರು. "ಎಲೆಗಳೆಲ್ಲ ತಪ್ಪಿದ್ವು. ಮೊಗ್ಗು ಒಂದೂ ತಪ್ಪಿಲ್ಲ. ಮೊಗ್ಗೆಲ್ಲ ನಿಂದೇ. ಬೆರಳಿಟ್ಟು ನೋಡ್ಕೋ."

ದೊಡ್ಡಮ್ಮ ಬೆರಳಿಟ್ಟು ನೋಡಿದರು, ಮೇಲಿನಿಂದ ಕೆಳಗಿನವರೆಗೆ. ಗಂಟು ಸಿಗಲಿಲ್ಲ. ಆಗ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು. ನಮ್ಮತ್ತೆ ಕೂತಲ್ಲಿಂದ ಏಳದೆ ಅವರ ಪಾದ ಹಿಡಿದುಕೊಂಡರು. ನಾನು ಅಲ್ಲಿ ನಿಂತಿರಬಾರದೆನ್ನಿಸಿ ಮನೆಗೆ ಬಂದೆ.

ಮರುದಿನ ಊಟವಾದ ಮೇಲೆ ಇಂದ್ರಾಣಿಯೂ ನಾನೂ ಏನೋ ಕೆಲಸವಿದ್ದವರ ಹಾಗೆ ಜಗಲಿಯ ಹತ್ತಿರವೇ ಸುಳಿದಾಡುತ್ತಿದ್ದೆವು. ಎದುರುಮನೆಯ ಬಾಗಿಲು ತೆರೆಯಿತು. ದೊಡ್ಡಮ್ಮ ಬೀದಿ ದಾಟಿ ಬಂದರು. ಸೆರಗಿನಡಿಯಿಂದ ತೆಗೆದಿಟ್ಟ ಬಟ್ಟಲುಗಳನ್ನು ನಮ್ಮತ್ತೆ ನೋಡಿ, "ಇದೆಲ್ಲ ಒಂದೇ ಥರ ಇದೆಯಲ್ಲೇ, ನಿಂಗೆ ಹೇಗೆ ಗೊತ್ತಾಗಬೇಕು?" ಎಂದು ಒಳಗೆ ಹೋಗಿ ಬಂದರು. ಹಸಿರು ಮಣಿಯನ್ನು ತೆಂಗಿನ ಚಿಪ್ಪಿಗೆ ಸುರಿದರು, ಕೆಂಪನ್ನು ಮಣ್ಣಿನ ಕುಡಿಕೆಗೆ, ಬಿಳಿಯನ್ನು ಹಿತ್ತಾಳೆ ಬಟ್ಟಲಲ್ಲೇ ಬಿಟ್ಟರು. ನೀಲಿಯನ್ನು ಪೂರ್ತಿ ಒಳಗಿಟ್ಟರು. ದೊಡ್ಡಮ್ಮ ಒಂದೊಂದರ ಅಂಚನ್ನೂ ಮುಟ್ಟಿ ನೋಡಿ, "ಚಿಪ್ಪು ಎಲೆ, ಕುಡಿಕೆ ಅಂಚು," ಎಂದು ಹೇಳಿಕೊಂಡರು.

ನಮ್ಮತ್ತೆ ಸೂಜಿಗೆ ದಾರ ಹಾಕಿ, ರೂಢಿಯಂತೆ ಮಣೆಯ ಮೇಲಿಟ್ಟರು. ದೊಡ್ಡಮ್ಮನ ಅಂಗೈ ರೂಢಿಯಂತೆ ಮಣೆಯನ್ನು ಸವರಿತು. ಈ ಸಲ ನಾನು ಕೈ ಕಟ್ಟಿಕೊಂಡು ನಿಂತೆ. ಅಂಗೈ ಮತ್ತೊಮ್ಮೆ ಸವರಿತು.

ನಮ್ಮತ್ತೆ ನನ್ನ ಕಡೆ ನೋಡಿದರು. ಆಮೇಲೆ ಬಗ್ಗಿ ಸೂಜಿ ಎತ್ತಿಕೊಂಡು, ದೊಡ್ಡಮ್ಮನ ಬೆರಳು ಬಿಡಿಸಿ, ಕೈಗೇ ಕೊಟ್ಟರು.

"ಅಯ್ಯೋ ಚೆನ್ನಿ! ಕೈಗೆ ಕೊಟ್ಟೆಯಲ್ಲೇ, ಜಗಳ ಆಗುತ್ತೆ!"

"ಆಗೋ ಜಗಳ ಎಲ್ಲ ಆಗೋಯ್ತಲ್ಲ. ಇನ್ನೇನು ಉಳಿದಿದೆ? ಹಿಡ್ಕೋ."

ಇಂದ್ರಾಣಿ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡಳು. ನನಗಂತೂ ನಗು ಬಂತು, ಅಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಗು.

ಜಡೆ ಮತ್ತೆ ಬೆಳೆಯತೊಡಗಿತು. ಆ ದಿನಗಳಲ್ಲಿ ಒಮ್ಮೆ ಯಾವಾಗಲೋ ಚಿಪ್ಪಿನೊಳಗೆ ಒಂದು ನೀಲಿ ಮಣಿ ಉಳಿದುಕೊಂಡಿತ್ತೆಂದು ತೋರುತ್ತದೆ. ನಮ್ಮತ್ತೆ ಹೊಲಿಯುತ್ತಿದ್ದವರು ನಿಂತರು. ಕೈ ಕತ್ತರಿಯ ಕಡೆ ಹೋಯಿತು, ವಾಪಸು ಬಂತು.

"ದೇವೀರಿ, ಈ ಎಲೇಲಿ ಒಂದು ಮಣಿ ನೀಲಿ ಬಿದ್ದಿದೆ. ಏನು ಮಾಡ್ಲಿ?"

ದೊಡ್ಡಮ್ಮ ಯೋಚಿಸಿದರು. "ಕಣ್ಣಿಗೆ ಹೊಡೆಯುತ್ತಾ?"

"ಹುಡುಕಿದ್ರೆ ಕಾಣುತ್ತೆ."

"ಹಾಗಾದ್ರೆ ಇರಲಿ ಬಿಡು. ಹುಡುಕೋರು ಹುಡುಕ್ಕೊಳ್ಳಲಿ."

ಮದುವೆಯ ಬೆಳಿಗ್ಗೆ ಇಂದ್ರಾಣಿಯ ಬೆನ್ನ ಮೇಲೆ ಆ ಜಡೆ ಇಳಿಬಿದ್ದಾಗ ನೆರೆದವರೆಲ್ಲ ಹತ್ತಿರಕ್ಕೆ ಜರುಗಿ ನೋಡಿದರು. ದೊಡ್ಡಮ್ಮ ಹತ್ತಿರ ಬಂದು, ಜನರ ಮುಂದೆಯೇ, ನೆತ್ತಿಯಿಂದ ತುದಿಯವರೆಗೆ ಬೆರಳು ಜಾರಿಸಿದರು. ಕೊನೆಯಲ್ಲಿ, ಕುಚ್ಚಿನ ಹತ್ತಿರ, ಬೆರಳು ನಿಂತಿತು.

"ಇದು ಯಾರದೇ ಗಂಟು?"

"ನಂದು ದೊಡ್ಡಮ್ಮ," ಎಂದೆ. ಕುಚ್ಚು ಕಟ್ಟುವುದೊಂದನ್ನು ನನಗೆ ಬಿಟ್ಟಿದ್ದರು. ನಾನು ನನಗೆ ಬಂದ ಹಾಗೆ ಕಟ್ಟಿದ್ದೆ.

"ಹುರುಳಿಕಾಳು," ಎಂದು ನಕ್ಕು, ಅದರ ಮೇಲೊಮ್ಮೆ ಬೆರಳೊತ್ತಿ ಬಿಟ್ಟರು.

ತಮ್ಮ ಕಣ್ಣಿನ ವಿಷಯವನ್ನು ದೊಡ್ಡಮ್ಮ ಮಗನಿಗೆ ತಾವೇ ಹೇಳಿದರು, ಮದುವೆಯ ಮನೆಯಲ್ಲೇ, ಜಡೆಯನ್ನು ತೋರಿಸಿ. ಅವನು ಅಮ್ಮನನ್ನು ನೋಡಿದ, ಜಡೆಯನ್ನು ನೋಡಿದ, ಒಬ್ಬಳೇ ಬೀದಿ ದಾಟಬೇಡ ಎಂದ, ಅಷ್ಟೇ. ಆಮೇಲೆ ಅವರನ್ನು ಬೀದಿ ದಾಟಿಸುವುದು ಮಧ್ಯಾಹ್ನದ ನನ್ನ ಕೆಲಸವಾಯಿತು.

ಈಗಲೂ ಆ ಜಗಲಿ ಎಂದರೆ ನನಗೆ ಕಣ್ಣಿಗೆ ಬರುವುದು ಮದುವೆಯ ಗದ್ದಲವೆಲ್ಲ ಇಳಿದ ಮೇಲಿನ ಒಂದು ಮಧ್ಯಾಹ್ನ. ಬಿಸಿಲು ಮೆಟ್ಟಿಲವರೆಗೆ ಬಂದಿತ್ತು. ಯಾರದೋ ಕೂಸಿಗೆ ಕುಲಾವಿ ತಯಾರಾಗುತ್ತಿತ್ತು. ನೆಲ ತಣ್ಣಗಿದೆಯೆಂದು ದೊಡ್ಡಮ್ಮ ಹಲಸಿನ ಮಣೆಯನ್ನೆಳೆದುಕೊಂಡು ಅದರ ಮೇಲೆ ಕೂತಿದ್ದರು. ಮಾತಿನ ನಡುವೆ ಅವರು ಎಲ್ಲೋ ನೋಡುತ್ತ ಬಲಗೈ ಮುಂದೆ ಚಾಚಿದರು. ನಮ್ಮತ್ತೆ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ಆ ಅಂಗೈಯಲ್ಲಿಟ್ಟು, ಅದು ಬೀಳದ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಿಚಿದರು.